ಒಲೆಯ ಹೊಗೆ ಒಳಗೇ ಯಾಕೆ ಬರುತ್ತದೆ?

ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ ಗ್ಯಾಸ್ ಇದ್ದರೂ ಕುಚ್ಚಲಕ್ಕಿ ಬೇಯುವುದು ಕಟ್ಟಿಗೆ ಒಲೆಯಲ್ಲೇ. ಹಳೇ ಒಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆಯ ನಮೂನೆಯದು. ಹೋದ ಮಳೆಗಾಲದಲ್ಲಿ ಅದರ ಹೊಗೆ ಕೊಳವೆ ಹತ್ತುವುದು ಬಿಟ್ಟು ಅತ್ತೆಯ ಕಣ್ಣಿಗೇ ಬರತೊಡಗಿತು. ಎಲ್ಲರೂ ಕೊಳವೆಗೆ ಬೈದೆವು.

ಕೊಳವೆ ಹೊಗೆ ಎಳೆಯುತ್ತದೆ ಅಂತೀವಲ್ಲ, ನಿಜವಾಗಿ ಅದು ಏನನ್ನೂ ಎಳೆಯುವುದಿಲ್ಲ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋ ತೂಗುತ್ತದೆ, 200 ಡಿಗ್ರಿಯಲ್ಲಿ 0.75 ಕಿಲೋ ಅಷ್ಟೇ. ಒಳಗಿನ ಈ ಹಗುರ ಗಾಳಿಯನ್ನು ಕೋಣೆಯ ಭಾರದ ಗಾಳಿ ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. 4 ಮೀಟರ್ ಎತ್ತರದ ಕೊಳವೆಗೆ ಲೆಕ್ಕ ಹಾಕಿದರೆ ಸಿಗುವ ಒತ್ತಡ ಸುಮಾರು 16 ಪಾಸ್ಕಲ್. ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ಆಳದ ನೀರಿನ ಒತ್ತಡ!

ಇಷ್ಟು ಸಣ್ಣ ಒತ್ತಡ ಕೆಡಲು ಹೆಚ್ಚೇನೂ ಬೇಡ. 6 ಇಂಚಿನ ಕೊಳವೆಯೊಳಗೆ ಸುತ್ತಲೂ ಅರ್ಧ ಇಂಚು ಮಸಿ ಕಟ್ಟಿದರೆ ಹೊಗೆಯ ದಾರಿ ನೂರಕ್ಕೆ 30ರಷ್ಟು ಕಮ್ಮಿ. ಕಟ್ಟಿಗೆ ಹಸಿ ಇದ್ದರೆ ಬೆಂಕಿಯ ಶಾಖದ ಒಂದು ಪಾಲು ಅದರೊಳಗಿನ ನೀರು ಆರಿಸುವುದಕ್ಕೇ ಹೋಗುತ್ತದೆ, ಹೊಗೆ ತಣ್ಣಗಾಗುತ್ತದೆ, ಮಸಿಯೂ ಜಾಸ್ತಿ. ಕೊಳವೆಯ ತುದಿ ಮಾಡಿನಿಂದ ಕನಿಷ್ಠ 3 ಅಡಿ, 10 ಅಡಿ ಆಸುಪಾಸಿನಲ್ಲಿ ಇರುವುದಕ್ಕಿಂತೆಲ್ಲ 2 ಅಡಿ ಮೇಲಿರಬೇಕು, ಇಲ್ಲದಿದ್ದರೆ ಮಾಡಿನ ಮೇಲೆ ಹಾಯುವ ಗಾಳಿ ಹೊಗೆಯನ್ನು ಕೆಳಕ್ಕೆ ಒತ್ತುತ್ತದೆ.

ನಾವು ಮಸಿ ತೆಗೆಸಿದೆವು. ಕಟ್ಟಿಗೆಯನ್ನು ಅಟ್ಟಕ್ಕೇರಿಸಿದೆವು. ಹೊಗೆ ಹೋಗಲಿಲ್ಲ.

ಕೊನೆಗೆ ಊದುಬತ್ತಿ ಹಚ್ಚಿ ಒಲೆಯ ಬಾಯಿಗೆ ಹಿಡಿದೆ. ಬತ್ತಿಯ ಹೊಗೆ ನನ್ನ ಕಡೆಗೇ ಬಾಗಿತು. ಅತ್ತೆ ಯಾಕೋ ಎಕ್ಸಾಸ್ಟ್ ಫ್ಯಾನ್ ಆರಿಸಿದರು ನೋಡಿ, ಬತ್ತಿಯ ಹೊಗೆ ತಿರುಗಿ ಒಲೆಯೊಳಗೆ ಹೋಯಿತು. ಹೊಗೆ ಓಡಿಸಲೆಂದೇ ಆ ವರ್ಷ ಹಾಕಿಸಿದ ಫ್ಯಾನ್ ಅದು! ಅದು ಹೊರಗೆ ಎಸೆದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕಲ್ವಾ? ಮಳೆಗೆಂದು ಬಾಗಿಲು, ಬಿಗಿಯಾದ ಹೊಸ ಗಾಜಿನ ಕಿಟಕಿ ಎಲ್ಲ ಮುಚ್ಚಿತ್ತು. ಉಳಿದಿದ್ದು ಕೊಳವೆಯೊಂದೇ. ಕಣ್ಣುರಿ ಮಾತ್ರ ಆಗಿದ್ದರೆ ಸುಮ್ನೆ ಬಿಡಬಹುದಿತ್ತು, ಆದರೆ ಹೀಗೆ ಬರುವ ಹೊಗೆಯಲ್ಲಿ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದು ಜೀವ ತೆಗೆಯಬಲ್ಲದು.

ಈಗ ಒಲೆ ಉರಿಯುವಾಗ ಫ್ಯಾನ್ ಇಲ್ಲ, ಕಿಟಕಿ ಎರಡಿಂಚು ತೆರೆದಿರುತ್ತದೆ. ಬೆಳಗ್ಗೆ ಕೊಳವೆ ತಣ್ಣಗಿರುತ್ತದಲ್ಲ, ಅದಕ್ಕೆ ಅತ್ತೆ ಮೊದಲು ಒಣ ತೆಂಗಿನ ಮಡಲಿನ ಎರಡು ಗರಿ ಉರಿಸಿ ಬಿಸಿ ಮಾಡುತ್ತಾರೆ, ಆಮೇಲೆ ಕಟ್ಟಿಗೆ ಇಡುತ್ತಾರೆ.