ಬೋಳು ಗುಡ್ಡದ ಕಾಡಿಗೆ ಹೆಸರು ಬಂದ ಕಥೆ

ಹುಳಿಯಾರಿನಿಂದ ಬುಕ್ಕಾಪಟ್ಟಣದ ಮೇಲೆ ಶಿರಾಕ್ಕೆ ಹೋಗುವ ರಸ್ತೆ ಚೆಂದ ಇದೆ ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹಿಂದೆ ಇದು 234ನೇ ಹೆದ್ದಾರಿ, ಈಗ 69. ಹೊನ್ನಾವರದ ಕಡಲಿನಿಂದ ಹೊರಟು ಘಟ್ಟ ಹತ್ತಿ, ಇಲ್ಲಿಗೆ ಬರುವಷ್ಟರಲ್ಲಿ ಹಸಿರೆಲ್ಲ ಖಾಲಿಯಾಗಿರುತ್ತದೆ. ಕಾರಿನಲ್ಲಿದ್ದವರು ಕಿಟಕಿ ಏರಿಸಿ ನಿದ್ದೆಗೆ ಜಾರುತ್ತಾರೆ. ಎರಡೂ ಕಡೆ ಜಾಲಿ, ತುಗ್ಗಲಿ, ಬಂದರಿಕೆ ಗಿಡ. ಮಧ್ಯೆ ಮಧ್ಯೆ ಒಣಗಿ ಬೆಳ್ಳಗಾದ ಹುಲ್ಲು, ಆಚೆಗೆ ಬೋಳು ಗುಡ್ಡ. ಅಲ್ಲಿ ನೋಡೋಕೆ ಏನಿದೆ ಅಂತ ಕೇಳುವವರೇ ಜಾಸ್ತಿ.

ನಾನು ಈ ದಾರಿಗೆ ಬೀಳುವ ಮುಂಚೆ ಬೋರನಕಣಿವೆಗೆ ಹೋಗಿ ಬರುತ್ತೇನೆ. ಅದು ಚಿಕ್ಕನಾಯಕನಹಳ್ಳಿ ತಾಲ್ಲೂಕು, ಹುಳಿಯಾರು ಹೋಬಳಿ. ಸುವರ್ಣಮುಖಿ ಅನ್ನುವ ಹೊಳೆ ಗುಡ್ಡದ ಸಾಲನ್ನು ಸೀಳಿಕೊಂಡು ವೇದಾವತಿಯ ಕಡೆ ಹೋಗುವ ಜಾಗದಲ್ಲಿ ಏರಿ ಕಟ್ಟಿದ್ದಾರೆ. ಏರಿಯ ಮೇಲೆ ನಿಂತರೆ ಒಂದು ಕಡೆ ನೀರು, ಅದರಾಚೆ ಕುರುಚಲು ಕಾಡು. ನೀರು ಇದ್ದ ವರ್ಷ ಇದು ಸಮುದ್ರದ ಹಾಗೆ ಕಾಣುತ್ತದೆ. ಇಲ್ಲದ ವರ್ಷ ಕೆರೆಯಂಗಳ ಬಿರುಕು ಬಿಟ್ಟ ರೊಟ್ಟಿ. ಆ ಬಿರುಕಿನಲ್ಲಿ ಕುರಿ ಗೊರಸು, ನಾಯಿ ಹೆಜ್ಜೆ, ಇನ್ನೂ ಗುರುತು ಸಿಗದ ನಾಲ್ಕಾರು ಹೆಜ್ಜೆ.

ಇಲ್ಲಿಗೆ ಬಂದ ಪ್ರವಾಸಿಗರು ಇದನ್ನು ಪ್ರಕೃತಿ ಅಂತ ಫೋಟೊ ತೆಗೀತಾರೆ. ನಿಜ ಹೇಳಬೇಕು ಅಂದರೆ ಇದು ಬರಗಾಲದ ಕೂಸು. 1876ರಿಂದ 78ರವರೆಗಿನ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಐದರಲ್ಲೊಂದು ಪಾಲು ಜನ ಕಡಿಮೆಯಾದರು. 1881ರಲ್ಲಿ ಆಳ್ವಿಕೆ ಬ್ರಿಟಿಷರ ಕೈಯಿಂದ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. 1883ರಲ್ಲಿ ಶೇಷಾದ್ರಿ ಅಯ್ಯರ್ ದಿವಾನರಾದರು. ಇನ್ನೊಮ್ಮೆ ಹಾಗಾಗಬಾರದು ಅನ್ನುವ ಭಯದಲ್ಲೇ ಆ ಕಾಲದ ನೀರಾವರಿ ಕೆಲಸಗಳು ನಡೆದವು. ಗುಡ್ಡ ಎಲ್ಲಿ ಬಾಯಿ ಬಿಟ್ಟಿದೆಯೋ ಅಲ್ಲಿಗೊಂದು ಅಡ್ಡಗೋಡೆ. ಬೋರನಕಣಿವೆ ಆ ಸರಣಿಯದ್ದು. ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಮುಗಿದದ್ದು ಆಮೇಲೆ, 1907ರಲ್ಲಿ. ದೊಡ್ಡದಕ್ಕೆ ಹೆಸರು ಬಂತು, ಅಕ್ಕ ಮಾತ್ರ ಸುಮ್ನೆ ಮೂಲೆಯಲ್ಲೇ ಉಳಿದಳು.

ಈ ಸೀಮೆಯ ಕೆರೆ ತುಂಬುವುದು ಅಂದರೆ ಏನು ಅಂತ ತಿಳಿಯೋಕೆ ಆ ತಂಗಿಯನ್ನೇ ನೋಡಿ. 1933ರಲ್ಲಿ ಕೋಡಿ ಹರಿದಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ಮೊಮ್ಮಗ ಅಜ್ಜನಾಗುವಷ್ಟು ಕಾಲ. ಅದಕ್ಕೇ ಇಲ್ಲಿನ ರೈತರಿಗೆ ಹೇಮಾವತಿ, ಭದ್ರಾ ಮೇಲ್ದಂಡೆ ಅನ್ನುವ ನೀರಾವರಿ ಯೋಜನೆಗಳ ಹೆಸರು ಬಾಯಿಪಾಠ. ಮಳೆಯನ್ನು ನಂಬಿ ಕೂತರೆ ಹೊಟ್ಟೆ ತುಂಬಲ್ಲ.

ಕೆರೆಯ ಕಥೆ ಹೀಗೆ. ಕಾಡಿನದ್ದು ಇನ್ನೂ ಹಳೆಯದು, ಅದರಲ್ಲೂ ಮನುಷ್ಯರ ಕೈವಾಡ ಇದೆ.

ಇದು ದನಕರುಗಳ ನಾಡು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು 'ಬೆಣ್ಣೆ ಚಾವಡಿ' ಇತ್ತು. ಟಿಪ್ಪು ಅದಕ್ಕೆ 'ಅಮೃತ್ ಮಹಲ್' ಅಂತ ಹೆಸರಿಟ್ಟ. ಆ ದನಗಳು ಮೇಯಲು ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಕಾವಲುಗಳನ್ನು ಬಿಟ್ಟಿದ್ದರು. ಉಳುವಂತಿಲ್ಲ, ಕಡಿಯುವಂತಿಲ್ಲ. ಫಿರಂಗಿ ಎಳೆಯುವ ಎತ್ತಿಗೆ ಅಂತ ಉಳಿಸಿದ ಹುಲ್ಲಿನಲ್ಲಿ ಜಿಂಕೆಗಳೂ ಬದುಕಿದವು. ರಾಜರಿಗೆ ಅದರ ಯೋಚನೆ ಇತ್ತು ಅಂತ ನನಗೇನೂ ಅನ್ನಿಸಲ್ಲ.

ಅರಮನೆಯ ದನದ ಜೊತೆಗೆ ಊರವರ ದನವೂ ಇತ್ತು. ಇಲ್ಲಿನ ಕಾಡುಗೊಲ್ಲರ ದೈವ ಜುಂಜಪ್ಪ ದನ ಕಾಯುವವನು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ಆಳುದ್ದದ ಬಿದಿರಿನ ಗಣೆ ಊದುತ್ತಾ ಅವನ ಕಥೆ ಹಾಡುವವರು ಈಗಲೂ ಸಿಗುತ್ತಾರೆ. ಮುಳ್ಳುಬೇಲಿ ಹಾಕಿದ ಹಟ್ಟಿ, ಹೆಗಲ ಮೇಲೆ ಕಂಬಳಿ, ಮುಂದೆ ನೂರಾರು ಕುರಿ. ಈ ಕುರುಚಲು ಕಾಡನ್ನು ಬಲ್ಲವರು ಅಂದರೆ ಇವರು. ಹೊರಗಿನವರಿಗೆ ಇದು ಖಾಲಿ ಜಾಗ, ಅಷ್ಟೇ.

ತೊಂದರೆ ಶುರುವಾದದ್ದು ಆ 'ಖಾಲಿ' ಅನ್ನುವ ಮಾತಿನಿಂದ. ಸರ್ಕಾರದ ಲೆಕ್ಕದಲ್ಲಿ ಕುರುಚಲು ಅಂದರೆ ಪಾಳುಭೂಮಿ. ಪಾಳು ಅಂದ ಮೇಲೆ ಉದ್ಧಾರ ಮಾಡಬೇಕಲ್ವಾ? ಬಯಲುಸೀಮೆಯ ಉದ್ದಗಲಕ್ಕೂ ಗುಂಡಿ ತೋಡಿ ನೀಲಗಿರಿ ಇಲ್ಲವೇ ಅಕೇಶಿಯಾ ನೆಟ್ಟರು. ಹೊಸದಾಗಿ ನೀಲಗಿರಿ ನೆಡಬಾರದು ಅಂತ ರಾಜ್ಯ ಸರ್ಕಾರ ಹೇಳಿದ್ದು 2017ರಲ್ಲಿ, ಬೇಕಾದಷ್ಟು ಕೊಳವೆಬಾವಿ ಬತ್ತಿದ ಮೇಲೆ. ಪಕ್ಕದ ಚಳ್ಳಕೆರೆಯಲ್ಲಿ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುವಿಜ್ಞಾನ, ಬಾಹ್ಯಾಕಾಶದ ಸಂಸ್ಥೆಗಳ ಪಾಲಾಯಿತು.

ಈ ಗುಡ್ಡಗಳ ಹೊಟ್ಟೆಯಲ್ಲಿ ಇನ್ನೊಂದು ಆಸೆಯೂ ಇತ್ತು. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲು ಕಬ್ಬಿಣ, ಮ್ಯಾಂಗನೀಸ್ ಅದಿರಿನದ್ದು. 2000ದ ನಂತರ ಚೀನಾಕ್ಕೆ ಅದಿರು ಹೋಗತೊಡಗಿದಾಗ ಬಳ್ಳಾರಿಯ ಸುದ್ದಿಯೇ ಜಾಸ್ತಿ ಆಯಿತು. ಈ ಕಡೆಯ ಲಾರಿಗಳ ಕೆಂಧೂಳು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ತುಮಕೂರು, ಚಿತ್ರದುರ್ಗಕ್ಕೂ ಅದೇ ಆದೇಶ ಬಂತು. 2013ರಲ್ಲಿ ಷರತ್ತಿನ ಮೇಲೆ ಕೆಲವು ಗಣಿ ಮತ್ತೆ ತೆರೆಯಲು ಒಪ್ಪಿಗೆ ಸಿಕ್ಕಿತು.

ಇಷ್ಟಾದರೂ ಬುಕ್ಕಾಪಟ್ಟಣದ ಕಾಡಿನಲ್ಲಿ ಏನಿದೆ ಅಂತ ಯಾರೂ ಸರಿಯಾಗಿ ಎಣಿಸಿರಲಿಲ್ಲ. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ತಂಡ ಚಿರತೆಗಳ ಅಧ್ಯಯನಕ್ಕೆ ಅಂತ ಇಲ್ಲಿ ಮರಗಳಿಗೆ ಕ್ಯಾಮೆರಾ ಕಟ್ಟಿತು. ಚಿರತೆ ಸಿಕ್ಕಿತು. ಜೊತೆಗೆ ಯಾರೂ ನಿರೀಕ್ಷೆ ಮಾಡದ ಒಂದು ಪ್ರಾಣಿಯೂ ಬಂತು: ಚಿಂಕಾರ, ಜಿಂಕೆಯ ಹಾಗಿರುವ, ಕಪ್ಪು ಬಾಲದ ಸಣ್ಣ ಪ್ರಾಣಿ. ಥಾರ್ ಮರುಭೂಮಿಯ ಪ್ರಾಣಿ ಅಂತ ಓದಿದ್ದೆವು. ಕರ್ನಾಟಕದಲ್ಲಿ ಅಂದರೆ ಬಾಗಲಕೋಟೆಯ ಯಡಹಳ್ಳಿ ಕಡೆ ಅಂತ ಗೊತ್ತಿತ್ತು. ಅದು ತುಮಕೂರು ಜಿಲ್ಲೆಯಲ್ಲಿ ಆರಾಮಾಗಿ ಓಡಾಡಿಕೊಂಡಿತ್ತು! 2019ರಲ್ಲಿ ಸುಮಾರು 136 ಚದರ ಕಿಲೋಮೀಟರ್ ಕಾಡು ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮ ಆಯಿತು. ಕೃಷ್ಣಮೃಗ, ನಾಲ್ಕು ಕೊಂಬಿನ ಕೊಂಡುಕುರಿ ಕೂಡ ಇಲ್ಲೇ ಇವೆ. ಮೂರೂ ಒಂದೇ ಕಡೆ ಸಿಗುವ ಕಾಡು ಬಹಳ ಅಪರೂಪ.

ಚಿಂಕಾರಕ್ಕೆ ಈ ಕಾಡು ಹೇಗೆ ಹೊಂದುತ್ತದೆ ಅಂದರೆ, ಅದಕ್ಕೆ ನೀರು ಕುಡಿಯಲೇಬೇಕು ಅಂತಿಲ್ಲ. ಎಲೆ, ಕಾಯಿ, ಇಬ್ಬನಿಯ ತೇವದಲ್ಲೇ ಎಷ್ಟೋ ದಿನ ತಳ್ಳುತ್ತದೆ. ದೊಡ್ಡ ಹಿಂಡು ಕಟ್ಟಲ್ಲ. ಒಂದೋ ಎರಡೋ, ಹೆಚ್ಚೆಂದರೆ ನಾಲ್ಕಾರು. ಗಾಬರಿಯಾದರೆ ಸೀನಿದ ಹಾಗೆ ಸದ್ದು ಮಾಡಿ ಓಡುತ್ತದೆ. ಅದಕ್ಕೆ ಬೇಕಾದದ್ದು ಇಂಥ ಬೋಳು ಬೋಳಾದ ಕುರುಚಲೇ. ನಾವು ಹಸಿರು ಮಾಡ್ತೀವಿ ಅಂತ ಗಿಡ ತುಂಬಿಸಿದರೆ ಅದಕ್ಕೆ ಮನೆ ಹೋಯಿತು.

ಕುರಿಗಾಹಿಗಳಿಗೆ ಧಾಮ ಅನ್ನುವ ಪದ ಕೇಳಿದರೆ ಎದೆ ಹೊಡ್ಕೊಳ್ಳೋದು ಸಹಜ. 1972ರ ವನ್ಯಜೀವಿ ಕಾಯ್ದೆ ಧಾಮದೊಳಗೆ ಮೇಯಿಸುವುದನ್ನು ಪೂರ್ತಿ ನಿಷೇಧಿಸಲ್ಲ. ಎಲ್ಲಿ, ಎಷ್ಟು ಅನ್ನುವುದನ್ನು ಅಧಿಕಾರಿಗಳ ಕೈಗೆ ಕೊಡುತ್ತದೆ. ಆ ಕೈ ಇವತ್ತು ಸಡಿಲ, ನಾಳೆ ಬಿಗಿ. ನಿನ್ನೆಯವರೆಗೆ ಯಾರೂ ತಿರುಗಿ ನೋಡದ ಜಾಗದಲ್ಲಿ ಈಗ ಬೋರ್ಡು. ಇದೇ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಲ್ಲಿ ಜನ ತಾವಾಗಿಯೇ ಹಕ್ಕಿ ಕಾಯುತ್ತಾರೆ. ಇಲ್ಲೂ ಕಾಡು ಬಲ್ಲವರನ್ನು ಹೊರಗಿಟ್ಟು ಕಾಡು ಕಾಯೋದು ನನಗಂತೂ ತಲೆಗೆ ಹತ್ತಲ್ಲ.

ಕಳೆದ ಸಲ ಕಣಿವೆಯಿಂದ ಹೊರಟಾಗ ಹೊತ್ತು ಮುಳುಗುತ್ತಿತ್ತು. ಬುಕ್ಕಾಪಟ್ಟಣ ಇನ್ನೂ ಮುಂದಿತ್ತು. ಬೈಕಿನ ಬೆಳಕಿಗೆ ಕಂದು ಬಣ್ಣದ ಎರಡು ಪ್ರಾಣಿ ಸಿಕ್ಕಿದವು. ಹೆಣ್ಣು ಕೃಷ್ಣಮೃಗಕ್ಕೆ ಸಾಮಾನ್ಯವಾಗಿ ಕೊಂಬಿರಲ್ಲ, ಹೆಣ್ಣು ಚಿಂಕಾರಕ್ಕೆ ಬೆರಳುದ್ದದ್ದು ಇರುತ್ತದೆ ಅಂತ ಗೊತ್ತಿದ್ದರಿಂದ ತಲೆಯನ್ನೇ ನೋಡಿದೆ. ಕತ್ತಲು, ಕಾಣಲಿಲ್ಲ. ಹಿಂದಿನದ್ದು ರಸ್ತೆ ದಾಟಿ ಬಂದರಿಕೆ ಮರೆಗೆ ನಿಂತಿತು. ಗಿಡದ ಸಂದಿಯಲ್ಲಿ ಒಂದು ಕಪ್ಪು ಬಾಲ ಮಾತ್ರ ಪಟಪಟ ಆಡ್ತಾ ಇತ್ತು.