ಇನ್ನೇನು ಬಿಡಬೇಕು, ಹೇಳಿ

ಅವರು ಬಂದದ್ದೇ ಇನ್ನೂರು ಪುಟದ ನೋಟ್‌ಬುಕ್ ಹಿಡಿದುಕೊಂಡು. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು ಮೂವತ್ತರ ಆಸುಪಾಸು. ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಎಂದು ಗೊತ್ತಾಗಿ ಒಂದು ವರ್ಷ ಕಳೆದಿತ್ತು. ಪುಟಗಳ ತುಂಬ ತಿನ್ನುವ ಪದಾರ್ಥಗಳ ಹೆಸರು, ಒಂದೊಂದರ ಮೇಲೂ ಕೆಂಪು ಗೀಟು. ಹಾಲು, ಬೇಳೆ, ಬದನೆ, ಮೊಟ್ಟೆ, ಮೀನು, ಕೊನೆಗೆ ತೆಂಗಿನಕಾಯಿಯೂ ಹೋಗಿತ್ತು. ಗೀಟು ಬೀಳದೆ ಉಳಿದದ್ದು ತೆಳುಗಂಜಿ, ಉಪ್ಪು ಮತ್ತು ನೀರು ಮಜ್ಜಿಗೆ. "ಮೇಡಂ, ಇದರಲ್ಲಿ ಇನ್ನೇನು ಬಿಡಬೇಕು, ಹೇಳಿ" ಎಂದರು.

ತೂಕ ನೋಡಿದೆ. 48 ಕೆ.ಜಿ. ಹಿಂದಿನ ವರ್ಷದ ಚೀಟಿಯಲ್ಲಿ 61 ಎಂದಿತ್ತು.

ಮಲೆನಾಡಿನಲ್ಲಿ ಔಷಧಿ ಚೀಟಿ ಕೈಗೆ ಬರುವ ಮುಂಚೆಯೇ "ಪಥ್ಯ ಏನು?" ಎಂಬ ಪ್ರಶ್ನೆ ಬರುತ್ತದೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ನಮಗೆ ಗೊತ್ತಿರುವ ಪಥ್ಯವೆಲ್ಲ ಕಾಮಾಲೆಯದ್ದು, ಬಾಣಂತನದ್ದು. ಇಂತಿಷ್ಟು ದಿನ ಎಂದು ಲೆಕ್ಕವಿರುತ್ತದೆ, ಮುಗಿದ ಮೇಲೆ ಮಾಮೂಲಿ ಊಟ. ಕರುಳಿನ ಉರಿಯೂತದ ಕಾಯಿಲೆಗೆ ಆ ಲೆಕ್ಕ ನಡೆಯುವುದಿಲ್ಲ. ಅಲ್ಸರೇಟಿವ್ ಕೊಲೈಟಿಸ್ ಆಗಲಿ, ಜೀರ್ಣನಾಳದ ಯಾವ ಭಾಗವನ್ನಾದರೂ ಹಿಡಿಯಬಲ್ಲ ಕ್ರೋನ್ಸ್ ಕಾಯಿಲೆಯಾಗಲಿ, ವರ್ಷಗಟ್ಟಲೆ ಜೊತೆಗಿರುತ್ತದೆ. ಕೆರಳುತ್ತದೆ, ಅಡಗುತ್ತದೆ, ಮತ್ತೆ ಕೆರಳುತ್ತದೆ. ಕೆರಳಿದಾಗ ಬಿಟ್ಟದ್ದನ್ನು ಅಡಗಿದಾಗ ವಾಪಸು ತರದಿದ್ದರೆ ತಟ್ಟೆ ಬರಿದಾಗುತ್ತಾ ಹೋಗುತ್ತದೆ.

ಪಥ್ಯಕ್ಕಿಂತ ಮೊದಲು ಇನ್ನೊಂದು ಮಾತು. ಮಲದಲ್ಲಿ ರಕ್ತ ಕಂಡರೆ "ಮೂಲವ್ಯಾಧಿ" ಅಥವಾ "ಉಷ್ಣ" ಎಂದು ಮನೆಯಲ್ಲೇ ತೀರ್ಮಾನವಾಗುತ್ತದೆ. ಕೊತ್ತಂಬರಿ ಕಷಾಯ, ದಾಳಿಂಬೆ ಸಿಪ್ಪೆಯ ತಂಬುಳಿ ಶುರುವಾಗುತ್ತದೆ. ತಂಬುಳಿ ಕೆಟ್ಟದ್ದಲ್ಲ, ಕಳೆದುಹೋಗುವ ಆರು ತಿಂಗಳು ಕೆಟ್ಟದ್ದು. ರಕ್ತದ ಜೊತೆ ತೂಕ ಇಳಿಯುತ್ತಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ, ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೋಪಿ ಮಾಡಿಸಲೇಬೇಕು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್‌ನಂತೆಯೇ ಕಾಣಿಸಿಕೊಳ್ಳುವುದುಂಟು. ಎರಡರ ಚಿಕಿತ್ಸೆ ಬೇರೆ ಬೇರೆ. ಅದನ್ನು ಬಿಡಿಸಿ ಹೇಳುವುದು ವೈದ್ಯರ ಕೆಲಸ, ಆಹಾರತಜ್ಞೆಯಾದ ನನ್ನದಲ್ಲ.

ಈಗ ಗಂಜಿಯ ಲೆಕ್ಕಕ್ಕೆ ಬರೋಣ. ಕಾಯಿಲೆ ಕೆರಳಿದಾಗ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಇವರಿಗೆ ಹೆಚ್ಚುಕಡಿಮೆ 58ರಿಂದ 72 ಗ್ರಾಂ. ದಿನಕ್ಕೆ 120 ಗ್ರಾಂ ಅಕ್ಕಿಯನ್ನು ಮೂರು ಹೊತ್ತಿನ ಗಂಜಿ ಮಾಡಿ ಕುಡಿದರೆ ಸಿಗುವುದು 10 ಗ್ರಾಂಗಿಂತ ಕಡಿಮೆ. ಕರುಳಿನ ಹುಣ್ಣು ಮಾಯಲು ಬೇಕಾದ ಸಾಮಗ್ರಿಯನ್ನೇ ಕೊಡದೆ ಹುಣ್ಣಿಗೆ ವಿಶ್ರಾಂತಿ ಕೊಟ್ಟೆವು ಎಂದುಕೊಳ್ಳುತ್ತೇವೆ. ಗಂಜಿ ಇರಲಿ. ಅದಕ್ಕೆ ತೊಗರಿಬೇಳೆಯನ್ನು ನುಣ್ಣಗೆ ಬೇಯಿಸಿ ಕಡೆದು ಸೇರಿಸಿ, ಒಂದು ಚಮಚ ತುಪ್ಪ ಹಾಕಿ. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಎರಡು ಮೊಟ್ಟೆಯಿಂದ 12 ಗ್ರಾಂ ಬಂತು. ಆಗುಂಬೆ ಘಾಟಿ ಹತ್ತಿ ಬರುವ ಮೀನನ್ನು ಖಾರ ತಗ್ಗಿಸಿ ತೆಳುಸಾರು ಮಾಡಿದರೆ 100 ಗ್ರಾಂ ಮೀನಿಗೆ ಸುಮಾರು 20 ಗ್ರಾಂ. ಸಸ್ಯಾಹಾರಿಗಳ ಮನೆಯಲ್ಲಿ ಗಟ್ಟಿ ಮೊಸರು, ಪನೀರ್, ಹೆಸರುಬೇಳೆ ತೊವ್ವೆ ಇವನ್ನೆಲ್ಲ ಹೊತ್ತು ಹೊತ್ತಿಗೆ ಹಂಚಬೇಕಾಗುತ್ತದೆ. ಒಮ್ಮೆಗೇ ತಟ್ಟೆ ತುಂಬಿಸುವುದಕ್ಕಿಂತ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು ಇವರಿಗೆ ಸಲೀಸು.

ಹಾಲನ್ನು ಎಲ್ಲರೂ ಬಿಡಬೇಕೆಂದಿಲ್ಲ. ಕುಡಿದ ಒಂದೆರಡು ಗಂಟೆಯಲ್ಲಿ ಹೊಟ್ಟೆ ಗುಡುಗುಟ್ಟಿದರೆ ಹಾಲಿನಲ್ಲಿರುವ ಸಕ್ಕರೆಯಾದ ಲ್ಯಾಕ್ಟೋಸ್ ಒಗ್ಗುತ್ತಿಲ್ಲ ಎಂದು ಶಂಕಿಸಬಹುದು. ಹಾಗಿದ್ದವರಿಗೂ ಸಾಮಾನ್ಯವಾಗಿ ಮೊಸರು, ಮಜ್ಜಿಗೆ ಒಗ್ಗುತ್ತವೆ. ನಮ್ಮ ತಂಬುಳಿಯನ್ನೇ ನೋಡಿ: ಒಂದೆಲಗವನ್ನು ತುಪ್ಪದಲ್ಲಿ ಬಾಡಿಸಿ, ನುಣ್ಣಗೆ ಅರೆದು, ಮಜ್ಜಿಗೆಗೆ ಬೆರೆಸುತ್ತಾರೆ. ಸೊಪ್ಪನ್ನು ಸೂಕ್ಷ್ಮ ಕರುಳಿಗೆ ಮುಟ್ಟಿಸಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಓದಿದ ಪುಸ್ತಕಗಳಲ್ಲಿ ಕಂಡಿಲ್ಲ. ಮೆಣಸಿನಕಾಯಿ ಮಾತ್ರ ಕಡಿಮೆ ಮಾಡಿ.

ಕ್ರೋನ್ಸ್ ಕಾಯಿಲೆಯಲ್ಲಿ ಕೆಲವರಿಗೆ ಕರುಳು ಅಲ್ಲಲ್ಲಿ ಕಿರಿದಾಗಿರುತ್ತದೆ. ಅಂಥವರಿಗೆ ನಾರು ನಿಜಕ್ಕೂ ಅಪಾಯ, ಮಲೆನಾಡಿನ ಮಳೆಗಾಲದ ಅಡುಗೆಮನೆಯೋ ನಾರಿನ ಉಗ್ರಾಣ. ಕಳಲೆಯನ್ನು ಮೂರು ದಿನ ನೀರು ಬದಲಿಸಿ ನೆನೆಸಿದರೂ ಅದರ ನಾರು ನಾರೇ. ಅಣಬೆಯನ್ನು ಸರಿಯಾಗಿ ಅಗಿಯದೆ ನುಂಗಿದರೆ ಕಿರಿದಾದ ಜಾಗದಲ್ಲಿ ಸಿಕ್ಕಿಕೊಳ್ಳಬಹುದು. ಬಾಳೆದಿಂಡು, ಎಳೆ ಹಲಸಿನ ಪಲ್ಯ ಕೂಡ ಹಾಗೆಯೇ. ತಿಂದ ಮೇಲೆ ಹೊಟ್ಟೆ ಹಿಂಡಿದಂತೆ ನೋವು, ವಾಂತಿ, ಗಾಳಿಯೂ ಹೋಗದಿರುವುದು ಕಂಡರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಹೊರಡಬೇಕು.

ಪತ್ರೊಡೆಯ ಕಥೆ ಬೇರೆ. ಕೆಸುವಿನ ಎಲೆ ಗಂಟಲು ತುರಿಸುವುದು ಅದರಲ್ಲಿರುವ ಆಕ್ಸಲೇಟ್ ಹರಳುಗಳಿಂದ. ಕ್ರೋನ್ಸ್‌ನಿಂದ ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟಿದ್ದರೆ, ಅಥವಾ ಅದನ್ನು ಕತ್ತರಿಸಿ ತೆಗೆದಿದ್ದರೆ, ಜೀರ್ಣವಾಗದ ಕೊಬ್ಬು ಸುಣ್ಣದ ಅಂಶವನ್ನು ಹಿಡಿದುಕೊಳ್ಳುತ್ತದೆ. ಕರುಳಲ್ಲೇ ಹಿಡಿದಿಡಬೇಕಿದ್ದ ಸುಣ್ಣದ ಅಂಶ ಸಿಗದ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕಲ್ಲಾಗಬಹುದು. ಹುಣಸೆಹಣ್ಣು ತುರಿಕೆಯನ್ನು ತಡೆದೀತು, ಕಲ್ಲನ್ನಲ್ಲ. ಪತ್ರೊಡೆ ಇಲ್ಲದ ಆಷಾಢ ಎಂಥದ್ದು ಎಂಬುದು ನನಗೂ ಗೊತ್ತು. ಆದರೂ ಇಂಥ ಕ್ರೋನ್ಸ್ ಇರುವವರಿಗೆ ಬೇಡ ಎನ್ನುತ್ತೇನೆ. ಅದೇ ಭಾಗದ ಕರುಳು ಬಿ12 ಹೀರಿಕೊಳ್ಳುವ ಜಾಗವೂ ಹೌದು. ಮಾಂಸ ತಿನ್ನದವರಲ್ಲಿ ಅದು ಮೊದಲೇ ಕಡಿಮೆ, ಪರೀಕ್ಷಿಸಿ ಚುಚ್ಚುಮದ್ದು ತೆಗೆದುಕೊಳ್ಳಬೇಕಾಗಬಹುದು. ಕಬ್ಬಿಣಾಂಶ, ವಿಟಮಿನ್ ಡಿ ಎಷ್ಟಿವೆ ಎಂದೂ ಎರಡೂ ಕಾಯಿಲೆಯವರು ನೋಡಿಸಿಕೊಳ್ಳಬೇಕು.

ಆಹಾರವೇ ಔಷಧಿಯಾಗುವ ಸಂದರ್ಭವೂ ಒಂದಿದೆ. ಕ್ರೋನ್ಸ್ ಇರುವ ಮಕ್ಕಳಿಗೆ ಆರರಿಂದ ಎಂಟು ವಾರ ಬೇರೆ ಊಟವಿಲ್ಲದೆ, ವಿಶೇಷವಾಗಿ ತಯಾರಿಸಿದ ದ್ರವಾಹಾರವನ್ನು ಮಾತ್ರ ಕೊಟ್ಟರೆ ಸ್ಟೀರಾಯ್ಡ್‌ನಷ್ಟೇ ಚೆನ್ನಾಗಿ ಕಾಯಿಲೆ ಅಡಗುತ್ತದೆ. ಇದು ವೈದ್ಯರ ಕಣ್ಗಾವಲಿನಲ್ಲಿ ನಡೆಯುವ ಚಿಕಿತ್ಸೆ, ಮನೆಯ ಗಂಜಿಯಿಂದ ಆಗುವಂಥದ್ದಲ್ಲ. ಕೊಲೈಟಿಸ್‌ಗೆ ಇದೇ ಫಲ ಸಿಗುತ್ತದೆ ಎನ್ನುವಂತೆಯೂ ಇಲ್ಲ. ಪಥ್ಯ ಮಾಡುತ್ತೇನೆಂದು ಮಾತ್ರೆ ನಿಲ್ಲಿಸಿದವರ ಮೇಲೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ.

ಮಳೆಗಾಲದಲ್ಲಿ ಇನ್ನೆರಡು ವಿಷಯ. ಬಾವಿ ನೀರನ್ನು ಕುದಿಸಿಯೇ ಕುಡಿಯಿರಿ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಂತೂ ತಪ್ಪಿಸಲೇಬಾರದು. ಮಂಡಿ ನೋವೆಂದು ಮೆಡಿಕಲ್ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ಅಡಗಿದ ಕಾಯಿಲೆಯನ್ನು ಅವು ಕೆರಳಿಸಬಲ್ಲವು. ತಪ್ಪು ಹಿಂದಿನ ದಿನ ತಿಂದ ಬದನೆಯದು ಎಂದು ಬರೆದುಕೊಳ್ಳುವವರಿದ್ದಾರೆ.

ನೋಟ್‌ಬುಕ್ಕಿನವರಿಗೆ ನಾನು ಏನನ್ನೂ ಬಿಡಿಸಲಿಲ್ಲ. ಖಾಲಿ ಪುಟ ತೆಗೆದು ವಾರಕ್ಕೆ ಎರಡು ಪದಾರ್ಥ ವಾಪಸು ತರಬೇಕೆಂದು ಬರೆದುಕೊಟ್ಟೆ. ಮೊದಲು ಬೇಳೆ ಮತ್ತು ಮೊಟ್ಟೆ. ಆಮೇಲೆ ಸಿಪ್ಪೆ, ಬೀಜ ತೆಗೆದು ಬೇಯಿಸಿದ ಬೂದುಗುಂಬಳ, ಸೌತೆಕಾಯಿ. ಹೊಟ್ಟೆ ಉಬ್ಬರಿಸಿದ ಮಾತ್ರಕ್ಕೆ ಗೀಟು ಎಳೆಯಬಾರದು, ಗಾಳಿ ತುಂಬುವುದು ಬೇರೆ, ಉರಿಯೂತ ಬೇರೆ ಎಂದೆ. ಅನುಮಾನ ಬಂದರೆ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಇದೆ, ಉರಿಯೂತವಿದ್ದರೆ ಅದರಲ್ಲಿ ಅಂಕಿ ಏರುತ್ತದೆ.

ಐದು ತಿಂಗಳ ನಂತರ ಬಂದಾಗ ತೂಕ 54. ಕ್ಯಾಲ್‌ಪ್ರೊಟೆಕ್ಟಿನ್ ಇಳಿದಿತ್ತು. ಜೊತೆಗೆ ಬಂದ ತಾಯಿ ದೂರು ಹೇಳಿದರು: "ಹಲಸಿನಹಣ್ಣು ತಿಂದ, ಕೇಳಿ ಮೇಡಂ, ಹೇಳಿದರೆ ಕೇಳುವುದಿಲ್ಲ." ನೋಟ್‌ಬುಕ್ ತೆರೆದು ನೋಡಿದೆ. ನೀಲಿ ಶಾಯಿಯಲ್ಲಿ ಇಷ್ಟೇ ಇತ್ತು: "ನಾಲ್ಕು ತೊಳೆ. ರಾತ್ರಿ ಉಬ್ಬರ. ಬೆಳಿಗ್ಗೆ ಸರಿ."