ಟಿಂಗ್ ಅಂದ ಕೂಡಲೇ ಟಕ್ ಅನ್ನಿಸಬೇಡಿ

ವಿಮಾನದಲ್ಲಿ ಸೀಟ್‌ಬೆಲ್ಟ್ ದೀಪ ಆರಿದಾಗ ‘ಟಿಂಗ್’ ಅಂತ ಸದ್ದು ಬರುತ್ತದಲ್ಲ, ಅದರ ಹಿಂದೆಯೇ ಇನ್ನೊಂದು ಸದ್ದು ಶುರು. ಬೆಲ್ಟ್ ಬಿಚ್ಚುವ ಟಕ್, ಟಕ್, ಟಕ್. ಮೊದಲ ಸಾಲಿಂದ ಕೊನೇ ಸಾಲಿನವರೆಗೂ. ಹನ್ನೆರಡು ವರ್ಷ ಕ್ಯಾಬಿನ್ ಕ್ರೂ ಆಗಿದ್ದೆ, ಈಗ ಹೊಸಬರಿಗೆ ತರಬೇತಿ ಕೊಡುತ್ತೇನೆ. ಆ ಟಕ್ ಟಕ್ ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ.

ಟಾಯ್ಲೆಟ್‌ಗೆ ಹೋಗುವವರು ಬಿಚ್ಚಲಿ, ಪಾಪ. ಇವರು ಬಿಚ್ಚುವುದು ಸುಮ್ನೆ ಕೂತಿರೋಕೆ! ಕೇಳಿದರೆ ಒಂದೇ ಉತ್ತರ: “ಸೈನ್ ಆಫ್ ಆಯ್ತಲ್ವಾ ಮೇಡಂ?” ದೀಪ ಆರಿತು ಅಂದರೆ ಬೇಕಿದ್ದವರು ಎದ್ದು ಹೋಗಿ ಬರಬಹುದು ಅಂತ, ಅಷ್ಟೇ. ಕೂತವರು ಬಿಚ್ಚಬೇಕು ಅಂತ ಅಲ್ಲ.

ವಿಮಾನ ಕುಲುಕುತ್ತದೆ ಅಂತ ಪೈಲಟ್‌ಗೆ ಮೊದಲೇ ಗೊತ್ತಾಗಲ್ವಾ ಅಂತಾರೆ. ಎಷ್ಟೋ ಸಲ ಗೊತ್ತಾಗುತ್ತದೆ, ಆದರೆ ಯಾವಾಗಲೂ ಅಲ್ಲ. ವಿಮಾನದ ರಾಡಾರ್ ಹಿಡಿಯುವುದು ಮೋಡದೊಳಗಿನ ಮಳೆಹನಿಯನ್ನು, ಗಾಳಿಯನ್ನಲ್ಲ. ಆಕಾಶ ಶುಭ್ರವಾಗಿದ್ದು ಗಾಳಿ ಮಾತ್ರ ಕೆಟ್ಟಿದ್ದರೆ ಪರದೆ ಮೇಲೆ ಏನೂ ಕಾಣುವುದಿಲ್ಲ.

2024ರ ಮೇ 21ರಂದು ಲಂಡನ್ನಿಂದ ಸಿಂಗಪುರಕ್ಕೆ ಹೊರಟಿದ್ದ ಸಿಂಗಪುರ್ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ, 37 ಸಾವಿರ ಅಡಿಯಲ್ಲಿತ್ತು. ಬೆಲ್ಟ್ ದೀಪ ಹಾಕಿದೆ ಅಂತ ಪೈಲಟ್ ಹೇಳಿದ ಎಂಟು ಸೆಕೆಂಡಿಗೆ ವಿಮಾನ ಕುಸಿಯಿತು. ಎಂಟು ಸೆಕೆಂಡಲ್ಲಿ ನೀವು ಮೊಬೈಲ್ ಪಕ್ಕಕ್ಕಿಟ್ಟು, ಹೊದಿಕೆ ಸರಿಸಿ, ತೊಡೆ ಕೆಳಗೆ ಸಿಕ್ಕಿಕೊಂಡ ಬೆಲ್ಟ್ ಎಳೆದು ಹಾಕಿಕೊಳ್ಳುತ್ತೀರಾ? ಕ್ಲಾಸಲ್ಲಿ ಮಾಡಿಸಿ ನೋಡಿದ್ದೇನೆ. ಚುರುಕಾದ ಹುಡುಗರೇ ತಡವರಿಸುತ್ತಾರೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ತಪ್ಪು ತಿಳಿಯುವುದು ಇದನ್ನೇ. ಬೆಲ್ಟ್ ಇರುವುದು ನೀವು ಮುಂದಕ್ಕೆ ಮುಗ್ಗರಿಸದಿರಲಿ ಅಂತ ಮಾತ್ರ ಅಲ್ಲ, ಮೇಲಕ್ಕೆ ಹೋಗದಿರಲಿ ಅಂತ. ವಿಮಾನ ಜೋರಾಗಿ ಕೆಳಗೆ ಎಳೆದುಕೊಂಡು ಹೋದಾಗ ನೀವು ಇದ್ದಲ್ಲೇ ಉಳಿಯುತ್ತೀರಿ, ಸೀಟು ಕೆಳಗೆ ಜಾರುತ್ತದೆ, ಸೀಲಿಂಗ್ ತಲೆಗೆ ಬರುತ್ತದೆ. ಆವತ್ತು ಎಲ್ಲ ತಲೆಕೆಳಗಾಗಲು ಹಿಡಿದದ್ದು 0.6 ಸೆಕೆಂಡ್. 60 ಕೆಜಿ ಮನುಷ್ಯನನ್ನು ಸೀಲಿಂಗ್ ಕಡೆ ಎಳೆದ ಬಲ ಸುಮಾರು 90 ಕೆಜಿಯಷ್ಟು. ನಾಲ್ಕೇ ಸೆಕೆಂಡಲ್ಲಿ ಅದು ತಿರುಗಿತು, ಮೇಲಿದ್ದವರು ಧೊಪ್ಪನೆ ಕೆಳಗೆ ಬಿದ್ದರು. ಒಬ್ಬರು ತೀರಿಕೊಂಡರು, ಬಹುಶಃ ಹೃದಯಾಘಾತದಿಂದ. ಬ್ಯಾಂಕಾಕ್ ಆಸ್ಪತ್ರೆ ಸೇರಿದವರಲ್ಲಿ ಬೆನ್ನುಮೂಳೆಗೆ ಪೆಟ್ಟಾದವರು ಹಲವರಿದ್ದರು. ನಾನು ಡಾಕ್ಟರಲ್ಲ, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಕೈಯಿಂದ ಸೀಟಿನ ಆರ್ಮ್‌ರೆಸ್ಟ್ ಹಿಡ್ಕೊಂಡರೆ ಸಾಕು ಅನ್ನುವವರು ಆ 90 ಕೆಜಿ ನೆನಪಿಟ್ಟುಕೊಳ್ಳಲಿ.

ಬೆಲ್ಟ್ ಹಾಕಿದರೂ ಹೊಟ್ಟೆ ಮೇಲೆ ಸಡಿಲವಾಗಿ ಬಿಡಬೇಡಿ. ಹೊಟ್ಟೆಗಿಂತ ಕೆಳಗೆ, ಸೊಂಟದ ಮೂಳೆ ಮೇಲೆ, ಬಿಗಿಯಾಗಿ ಇರಬೇಕು. ಬಸುರಿಯರಿಗೆ ಹೊಟ್ಟೆಯ ಕೆಳಗೆ. ಹೊದಿಕೆ ಹೊದ್ದುಕೊಂಡರೆ ಬೆಲ್ಟ್ ಅದರ ಮೇಲಿರಲಿ, ಆಗ ನಾವು ನಿಮ್ಮನ್ನು ಎಬ್ಬಿಸಿ ಕೇಳುವುದು ತಪ್ಪುತ್ತದೆ.

ಅಮೆರಿಕದ ವಿಮಾನಯಾನ ಇಲಾಖೆಯ ಲೆಕ್ಕದಲ್ಲಿ 2009ರಿಂದ 2022ರವರೆಗೆ ಇಂಥ ಕುಲುಕಾಟದಲ್ಲಿ ಗಂಭೀರ ಗಾಯವಾದ 163 ಜನರಲ್ಲಿ 129 ಜನ ಸಿಬ್ಬಂದಿ. ನಾವು ನಿಂತಿರುತ್ತೇವೆ, ಅದಕ್ಕೆ. ಒಂದು ಮಳೆಗಾಲ ಘಟ್ಟದ ಮೇಲೆ ಚಹಾ ಟ್ರಾಲಿ ನನ್ನ ಪಾದದ ಮೇಲೇ ಕೂತಿತ್ತು. ತಿಂಗಳು ಪೂರ್ತಿ ಕುಂಟಿದೆ. ಇನ್ನೊಬ್ಬರ ಸಮೋಸಾ ಬಿಸಿಯಿರಲಿ ಅಂತ ಓಡಾಡಿದ್ದಕ್ಕೆ!

ಆದರೆ ಒಬ್ಬ ಅಜ್ಜಿ ನೆನಪಾಗುತ್ತಾರೆ. ಮಂಗಳೂರಿಂದ ದುಬೈಗೆ, ಮಗಳ ಬಾಣಂತನಕ್ಕೆ ಹೊರಟಿದ್ದರು. ಮೊದಲ ವಿಮಾನ. ಬೆಲ್ಟ್ ನಾನೇ ಹಾಕಿಕೊಟ್ಟೆ. ದೀಪ ಆರಿತು, ಸುತ್ತ ಟಕ್ ಟಕ್. ಅಜ್ಜಿ ನನ್ನ ಸೆರಗು ಹಿಡಿದು ಕೇಳಿದರು: “ಮಗಾ, ಇದು ಬಿಚ್ಚಲೇಬೇಕು ಅಂತ ಉಂಟಾ?” ಬೇಡ ಅಜ್ಜಿ, ಅಂದೆ. ಶಾಲು ಸರಿಮಾಡಿ ಅದರ ಮೇಲೇ ಬೆಲ್ಟ್ ಎಳೆದು ಮಲಗಿದರು. ಅರಬ್ಬೀ ಸಮುದ್ರದ ಮೇಲೆ ವಿಮಾನ ಚೆನ್ನಾಗಿ ಕುಲುಕಿತು. ಪಕ್ಕದ ಸಾಲಿನ ಟೈ ಕಟ್ಟಿದ ಯಜಮಾನರು ಸೀಟಿಂದ ಎಗರಿ, ಕಾಫಿಯನ್ನೆಲ್ಲ ಅಂಗಿ ಮೇಲೆ ಚೆಲ್ಲಿಕೊಂಡು, ನಮ್ಮನ್ನೇ ಬೈದರು.

ಅಜ್ಜಿಗೆ ಎಚ್ಚರವೇ ಇಲ್ಲ. ಇಳಿದ ಮೇಲೆ ಭುಜ ಮುಟ್ಟಿ ಎಬ್ಬಿಸಬೇಕಾಯಿತು. “ದುಬೈ ಬಂತಾ ಮಗಾ?” ಅಂತ ಕೇಳಿದರು. ಕೈ ಇನ್ನೂ ಬಕಲ್ ಮೇಲೇ ಇತ್ತು.